ಬ್ರೇಕ್ ಸರಿಯಿತ್ತು, ಬ್ಲೇಡ್ ತಪ್ಪಿತ್ತು

ಕಳೆದ ಸೆಮ್ ರಜೆಯಲ್ಲಿ ನಮ್ಮ ಮಾವನ ಪಿಕಪ್ ಒಂದು ಟಿವಿಎಸ್ ಎಕ್ಸ್‌ಎಲ್‌ಗೆ ಗುದ್ದೋದು ಒಂದು ಗೇಣಲ್ಲಿ ತಪ್ಪಿತು. ಬೆಳಗಿನ ಜಾವ, ಹಿಂದೆ 80 ಬಾಕ್ಸ್ ಟೊಮೆಟೊ, ಕೋಲಾರದ ಮಂಡಿಗೆ ಹೋಗ್ತಾ ಇದ್ವಿ. ಸಣ್ಣ ಇಳಿಜಾರು. ಮುಂದೆ ಹಾಲಿನ ಕ್ಯಾನ್ ಕಟ್ಕೊಂಡಿದ್ದ ಎಕ್ಸ್‌ಎಲ್ ಡೈರಿ ಕಡೆಗೆ ತಿರುಗಿತು. ಮಾವ ಬ್ರೇಕ್ ಒತ್ತಿದ್ರು. ಗಾಡಿಯ ಮೂತಿ ಬಾಗಿತು, ಮುಂದಿನ ಟೈರು ಕಿರುಚಿತು, ಆದ್ರೂ ಗಾಡಿ ಜಾರ್ಕೊಂಡೇ ಹೋಯ್ತು. ನಿಂತಾಗ ಕ್ಯಾನಿಗೂ ನಮ್ಮ ಬಂಪರಿಗೂ ಮಧ್ಯೆ ಒಂದು ಗೇಣು ಇತ್ತು. ಎಕ್ಸ್‌ಎಲ್ ಮೇಲಿದ್ದ ಅಜ್ಜ ತಿರುಗಿ ನೋಡಿದ್ರು, ಬೈಯೋಕೂ ಬಾಯಿ ಬರಲಿಲ್ಲ ಅನ್ಸುತ್ತೆ, ಸುಮ್ನೆ ಹೋದ್ರು.

"ಪ್ಯಾಡ್ ಹಾಕ್ಸಿ ಹದಿನೈದು ದಿನ ಆಗಿಲ್ಲ ಕಣೋ" ಅಂದ್ರು ಮಾವ. ಅದಕ್ಕೂ ಹಿಂದಿನ ತಿಂಗಳು ಮಾಸ್ಟರ್ ಸಿಲಿಂಡರ್ ಕಿಟ್ ಹಾಕಿಸಿದ್ರು. ಎರಡು ಸಲ ಬ್ರೇಕ್ ಕೆಲಸ ಆಗಿತ್ತು, ದುಡ್ಡೂ ಹೋಗಿತ್ತು, ಗಾಡಿ ಮಾತ್ರ ನಿಲ್ತಾ ಇರಲಿಲ್ಲ. ಕಾರಣ ಬ್ರೇಕ್‌ನಲ್ಲಿ ಇರಲೇ ಇಲ್ಲ. ಹಿಂದಿನ ಬ್ಲೇಡ್ ಸೆಟ್‌ನ ಅಳತೆ ತಪ್ಪಿತ್ತು.

ಬ್ಲೇಡ್ ಅಂದ್ರೆ ಲೀಫ್ ಸ್ಪ್ರಿಂಗ್. ನಮ್ಮ ಕಡೆ ಬ್ಲೇಡ್ ಅಂತಾರೆ, ಹುಬ್ಬಳ್ಳಿ ಕಡೆಯ ನನ್ನ ರೂಮ್‌ಮೇಟ್ ಪಾಟಾ ಅಂತಾನೆ. ಈ ಬರಹದಲ್ಲಿ ನಾನು ವಾದ ಮಾಡ್ತಿರೋದು ಎರಡು ವಿಷಯ. ಒಂದು, ಅಳತೆ ತಪ್ಪಿದ ಬ್ಲೇಡನ್ನ 'ಅಡ್ಜಸ್ಟ್' ಮಾಡಬಾರದು, ಬಿಚ್ಚಿ ಸರಿಯಾದ್ದು ಹಾಕಬೇಕು. ಎರಡು, ಇನ್ನೆರಡು ವರ್ಷದಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಅಂತ ಸರ್ಟಿಫಿಕೇಟ್ ತಗೊಳ್ಳೋ ನಮಗೆ ಈ ತಪ್ಪು ಕಣ್ಣಿಗೆ ಕಾಣಬೇಕು, ಈಗ ಕಾಣ್ತಾ ಇಲ್ಲ. ನನಗಂತೂ ಕಾಣಲಿಲ್ಲ.

ಗಾಡಿ ಸುಮಾರು ಇಪ್ಪತ್ತು ವರ್ಷ ಹಳೇದು. ಹೋದ ಮಳೆಗಾಲದಲ್ಲಿ ಹಿಂದಿನ ಎಡಗಡೆ ಮೇನ್ ಬ್ಲೇಡ್ ಕಟ್ ಆಯ್ತು. ಮಾವ ಬುದ್ಧಿವಂತರು, ಒಂದೇ ಕಡೆ ಹೊಸದು ಹಾಕಿದ್ರೆ ಗಾಡಿ ವಾಲುತ್ತೆ ಅಂತ ಎರಡೂ ಕಡೆ ಸೆಟ್ ತಗೊಂಡ್ರು. ಸ್ಪೇರ್ಸ್ ಅಂಗಡಿಯವರು "ಈ ಮಾಡೆಲ್‌ದು ಈಗ ಬರಲ್ಲ, ಇದು ಆಗುತ್ತೆ, ಎಲ್ಲಾ ಗಾಡಿಗೂ ಇದೇ ಹಾಕ್ತಿದ್ದೀವಿ" ಅಂದ್ರಂತೆ. ಅದು ನಿಜವಾಗಲೂ ಆಯ್ತು. ಅಗಲ ಒಂದೇ, ಕಣ್ಣಿನ ಬುಷ್ ಒಂದೇ, ಬೋಲ್ಟ್ ಕೂತಿತು. ನಮ್ಮಲ್ಲಿ 'ಕೂತಿತು' ಅಂದ್ರೆ 'ಸರಿಯಾಯ್ತು' ಅಂತಾನೇ ಅರ್ಥ.

ನಾನು ರಜೆಗೆ ಹೋದಾಗ ಗಾಡಿಯ ಹಿಂಭಾಗ ಎತ್ತರಕ್ಕೆ ನಿಂತಿತ್ತು. ನಾನೇನು ಮಾಡಿದೆ? ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಂಡು 'ಬೀಸ್ಟ್' ಅಂತ ಸ್ಟೇಟಸ್ ಹಾಕಿದೆ. ಮೂರನೇ ಸೆಮ್‌ನಲ್ಲಿ ಬೀಮ್ ಡಿಫ್ಲೆಕ್ಷನ್ ಪಾಸ್ ಮಾಡಿದವನು ಒಂದು ವಾರ ಆ ಗಾಡಿಯಲ್ಲೇ ಓಡಾಡಿದೆ. ಒಂದು ಪ್ರಶ್ನೆಯೂ ಹುಟ್ಟಲಿಲ್ಲ.

ಪ್ರಶ್ನೆ ಹುಟ್ಟಿದ್ದು ಬೈಪಾಸ್ ಹತ್ತಿರ ಬ್ಲೇಡ್ ಕೆಲಸ ಮಾಡೋ ಒಬ್ಬ ಹಿರಿಯ ಮೇಸ್ತ್ರಿಗೆ. ಆ ಅಜ್ಜನ ಗಾಬರಿ ಕಳೆಯೋಕೆ ಅಂತ ಟೀ ಅಂಗಡಿ ಮುಂದೆ ನಿಲ್ಲಿಸಿದ್ವಿ. ಪಕ್ಕದ ಶೆಡ್ಡಿನಿಂದ ಅವರು ಗಾಡಿ ನೋಡ್ತಾ ಬಂದು ಕೇಳಿದ್ರು:

"ಯಜಮಾನ್ರೇ, ಲೋಡ್ ಇಳಿಸಿ ಬರ್ತಿದ್ದೀರಾ?"

"ಇಲ್ಲ ಮೇಸ್ತ್ರಿ, ಹೋಗ್ತಿದ್ದೀವಿ. 80 ಬಾಕ್ಸ್ ಇದೆ."

"ಮತ್ತೆ ಖಾಲಿ ಗಾಡಿ ನಿಂತಂಗೆ ನಿಂತೈತಲ್ಲ?"

ಅಷ್ಟೇ. ಬಗ್ಗಿ ಕೆಳಗೆ ನೋಡಿ, ನನ್ನನ್ನೂ ಕರೆದು ಒಂದು ಸಣ್ಣ ಕಂಬಿ ತೋರಿಸಿದ್ರು. ಚಾಸಿ ಮೇಲೆ ಒಂದು ವಾಲ್ವ್, ಅದರಿಂದ ಹಿಂದಿನ ಆಕ್ಸಲ್‌ಗೆ ಒಂದು ಕಂಬಿ. "ಇದಕ್ಕೆ ಕಣ್ಣಿಲ್ಲ ಮಗಾ. ಗಾಡಿ ಕೂತ್ರೆ ಲೋಡ್ ಐತೆ ಅನ್ಕೊಳ್ತದೆ, ಎದ್ರೆ ಖಾಲಿ ಅನ್ಕೊಳ್ತದೆ."

ಅದರ ಹೆಸರು ಲೋಡ್ ಸೆನ್ಸಿಂಗ್ ಪ್ರೊಪೋರ್ಷನಿಂಗ್ ವಾಲ್ವ್. ಪಿಕಪ್ ಖಾಲಿ ಇದ್ದಾಗ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆ. ಆಗ ಹಿಂದಿನ ಬ್ರೇಕ್ ಜೋರಾಗಿ ಹಿಡಿದ್ರೆ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತೆ. ಹಾಗಾಗಿ ಈ ವಾಲ್ವ್ ಹಿಂದಕ್ಕೆ ಹೋಗೋ ಪ್ರೆಷರ್ ಕಡಿಮೆ ಮಾಡುತ್ತೆ. ಲೋಡ್ ಹಾಕಿದಾಗ ಚಾಸಿ ಆಕ್ಸಲ್ ಹತ್ತಿರ ಬರುತ್ತೆ, ಕಂಬಿ ತಳ್ಳುತ್ತೆ, ವಾಲ್ವ್ ಹಿಂದಕ್ಕೂ ಚೆನ್ನಾಗಿ ಪ್ರೆಷರ್ ಬಿಡುತ್ತೆ. ಅದು ತೂಕ ಅಳೆಯಲ್ಲ, ಎತ್ತರ ಅಳೆಯುತ್ತೆ. ಎತ್ತರದಿಂದ ತೂಕ ಗೊತ್ತಾಗಬೇಕಾದ್ರೆ ಮಧ್ಯದಲ್ಲಿರೋ ಬ್ಲೇಡ್ ಕಂಪನಿ ಕೊಟ್ಟ ಅಳತೆಯದ್ದೇ ಆಗಿರಬೇಕು. ಬ್ಲೇಡ್ ಬದಲಾದ್ರೆ ತಕ್ಕಡಿಯೇ ಬದಲಾದ ಹಾಗೆ.

ಎಷ್ಟು ಬದಲಾಗಿತ್ತು ಅಂತ ಲೆಕ್ಕ ಹಾಕೋಣ ಅಂದ್ರೆ ಹಳೇ ಸೆಟ್ ಅಂಗಡಿಯವರೇ ಗುಜರಿಗೆ ತಗೊಂಡುಬಿಟ್ಟಿದ್ರು. ಪುಣ್ಯಕ್ಕೆ ಮಾವ ಕಟ್ ಆಗಿದ್ದ ಮೇನ್ ಬ್ಲೇಡನ್ನ ಕೊಟ್ಟಿರಲಿಲ್ಲ. ಲಾರಿ ಬ್ಲೇಡಿನ ಮಚ್ಚು ಅಂದ್ರೆ ಹಳ್ಳಿಯಲ್ಲಿ ಎಲ್ಲರಿಗೂ ಇಷ್ಟ. ಕುಲುಮೆಗೆ ಕೊಡೋಣ ಅಂತ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ರು. ಎರಡು ತುಂಡನ್ನೂ ನೆಲದ ಮೇಲೆ ಜೋಡಿಸಿ ಟೇಪ್ ಹಿಡಿದೆ. ಮುಂದಿನ ಕಣ್ಣಿನಿಂದ ಸೆಂಟರ್ ಬೋಲ್ಟ್ ತೂತಿಗೆ 560 ಎಂಎಂ, ಅಲ್ಲಿಂದ ಹಿಂದಿನ ಕಣ್ಣಿಗೆ 610. ಒಟ್ಟು 1170. ಅಗಲ 60, ದಪ್ಪ 8. ಮಂಡಿಯಲ್ಲಿ ನಿಂತಿದ್ದ ಅದೇ ಮಾಡೆಲ್‌ನ ಇನ್ನೊಂದು ಗಾಡಿ ನೋಡಿದಾಗ ಬ್ಲೇಡ್ ಆರು ಇದ್ವು. ಮಾವನ ಗಾಡಿಗೆ ಹಾಕಿದ್ದು 575 ಮತ್ತು 635, ಒಟ್ಟು 1210. ದಪ್ಪ 9, ಬ್ಲೇಡ್ ಏಳು.

ದೂರದಿಂದ ನೋಡಿದ್ರೆ ಎರಡೂ ಒಂದೇ. ಆದ್ರೆ ಸೀನಿಯರ್ ಹತ್ತಿರ ಇಸ್ಕೊಂಡ ಮಷಿನ್ ಡಿಸೈನ್ ಪುಸ್ತಕದ ಪ್ರಕಾರ ಸ್ಪ್ರಿಂಗ್‌ನ ಬಿಗಿ ಬ್ಲೇಡ್‌ಗಳ ಸಂಖ್ಯೆಗೆ ನೇರವಾಗಿ, ದಪ್ಪದ ಕ್ಯೂಬ್‌ಗೆ ನೇರವಾಗಿ, ಉದ್ದದ ಕ್ಯೂಬ್‌ಗೆ ತಿರುಗುಮುರುಗಾಗಿ ಹೋಗುತ್ತೆ. ಕ್ಯೂಬ್ ಅನ್ನೋ ಪದ ಎಕ್ಸಾಂನಲ್ಲಿ ಬರೆಯೋವಾಗ ಭಯ ಆಗಲ್ಲ. ಇಲ್ಲಿ ನೋಡಿ: 8 ಎಂಎಂ ಬದಲು 9 ಎಂಎಂ ಅಂದ್ರೆ ಒಂದೇ ಎಂಎಂ. ಅದರಿಂದಲೇ ಬಿಗಿ 42 ಪರ್ಸೆಂಟ್ ಜಾಸ್ತಿ. ಆರರ ಬದಲು ಏಳು ಬ್ಲೇಡ್‌ಗೆ ಇನ್ನೊಂದು 17 ಪರ್ಸೆಂಟ್. ಉದ್ದ 40 ಎಂಎಂ ಜಾಸ್ತಿ ಇರೋದ್ರಿಂದ ಸುಮಾರು 10 ಪರ್ಸೆಂಟ್ ಕಡಿಮೆ. ಮೂರನ್ನೂ ಗುಣಿಸಿದ್ರೆ ಹೊಸ ಸೆಟ್ ಹಳೇದಕ್ಕಿಂತ ಒಂದೂವರೆ ಪಟ್ಟು ಬಿಗಿ.

ಇನ್ನೂ ಸ್ವಲ್ಪ ಮುಂದೆ ಹೋಗೋಣ. 15 ಕೆಜಿಯ 80 ಬಾಕ್ಸ್ ಅಂದ್ರೆ 1200 ಕೆಜಿ. ಅದರಲ್ಲಿ ಹಿಂದಿನ ಒಂದೊಂದು ಸ್ಪ್ರಿಂಗ್ ಮೇಲೆ ಅಂದಾಜು 500 ಕೆಜಿ ಅಂತ ಹಿಡಿದೆ. ಉಕ್ಕಿನ ಯಂಗ್ಸ್ ಮಾಡ್ಯುಲಸ್ 2 ಲಕ್ಷ ನ್ಯೂಟನ್ ಪರ್ ಸ್ಕ್ವೇರ್ ಎಂಎಂ ಹಾಕಿದ್ರೆ, ಹಳೇ ಸೆಟ್ ಸುಮಾರು 80 ಎಂಎಂ ಕೂರಬೇಕು, ಹೊಸದು 53 ಮಾತ್ರ. ಇದರ ಜೊತೆಗೆ ಹೊಸ ಸೆಟ್‌ನ ಕಮಾನು ಜಾಸ್ತಿ. ಮಂಡಿಯ ಆ ಗಾಡಿ ಜೊತೆ ಹೋಲಿಸಿದ್ರೆ ನಮ್ಮದು ಖಾಲಿ ಇದ್ದಾಗಲೇ 60 ಎಂಎಂ ಎತ್ತರ. ಅಂದ್ರೆ 80 ಬಾಕ್ಸ್ ಹಾಕಿ 53 ಎಂಎಂ ಕೂತ ಮೇಲೂ ಮಾವನ ಗಾಡಿ, ಮೂಲದ ಖಾಲಿ ಗಾಡಿಗಿಂತ 7 ಎಂಎಂ ಎತ್ತರದಲ್ಲೇ ಇರುತ್ತೆ. ಪಾಪ ವಾಲ್ವ್, ಹಿಂದೆ ಏನೂ ಇಲ್ಲ ಅಂತ ನಂಬ್ಕೊಂಡು ಹಿಂದಿನ ಬ್ರೇಕಿಗೆ ಪ್ರೆಷರ್ ಕೊಡ್ತಾ ಇರಲಿಲ್ಲ. ಲೋಡ್ ಗಾಡಿ ನಿಲ್ಲಿಸೋ ಕೆಲಸ ಹೆಚ್ಚುಕಮ್ಮಿ ಮುಂದಿನ ಎರಡು ಚಕ್ರದ ಮೇಲೆ ಬಿದ್ದಿತ್ತು. ಪ್ಯಾಡ್ ಬೇಗ ಸವೀತಿದ್ದಿದ್ದೂ ಅದಕ್ಕೇ.

ಈ ಲೆಕ್ಕ ನನಗೆ ಬರ್ತಿತ್ತು. ಮೇಸ್ತ್ರಿಗೆ ಬರಲ್ಲ. ಆದ್ರೆ ಉತ್ತರ ಮೊದಲು ಗೊತ್ತಾಗಿದ್ದು ಅವರಿಗೆ. ಯಾಕಂದ್ರೆ ಅವರು ಗಾಡಿ ನೋಡಿದ್ರು.

ಇನ್ನು 'ಅಡ್ಜಸ್ಟ್' ವಿಷಯ. ಟೀ ಅಂಗಡಿ ಮುಂದೆ ಹತ್ತು ನಿಮಿಷದಲ್ಲಿ ನಾಲ್ಕು ಸಲಹೆ ಬಂದ್ವು. ಎಲ್ಲವೂ ನೀವೂ ಕೇಳಿರೋವೇ.

"ಒಂದು ಬ್ಲೇಡ್ ತೆಗೆದುಬಿಡಿ." ತೆಗೆದ್ರೆ ಬಿಗಿ ಸ್ವಲ್ಪ ಇಳಿಯುತ್ತೆ, ಹಿಂಭಾಗ ಸ್ವಲ್ಪ ಕೂರುತ್ತೆ. ಆದ್ರೆ ಉದ್ದ ಬದಲಾಗಲ್ಲ. ಮುಂದಿನ ಅರ್ಧ 15 ಎಂಎಂ ಉದ್ದ ಇರೋದ್ರಿಂದ ಆಕ್ಸಲ್ 15 ಎಂಎಂ ಹಿಂದಕ್ಕೆ ಹೋಗಿದೆ, ಪ್ರೊಪೆಲ್ಲರ್ ಶಾಫ್ಟ್‌ನ ಸ್ಲಿಪ್ ಜಾಯಿಂಟ್ ಅಷ್ಟು ಹೊರಗೆ ಬಂದಿದೆ. ಒಂದೇ ಕಡೆ ಸೆಟ್ ಬದಲಿಸಿದ್ರೆ ಆಕ್ಸಲ್ಲೇ ಓರೆಯಾಗಿ ಗಾಡಿ ಏಡಿಯ ಹಾಗೆ ಅಡ್ಡ ಓಡ್ತಿತ್ತು.

"ಶಾಕಲ್ ಉದ್ದದ್ದು ಹಾಕಿ." ಇದು ಇನ್ನೂ ಕೆಟ್ಟದ್ದು. ಬ್ಲೇಡ್ ಕೂತಾಗ ಕಮಾನು ಚಪ್ಪಟೆಯಾಗಿ ಉದ್ದ ಆಗುತ್ತೆ. ಆ ಉದ್ದಕ್ಕೆ ಜಾಗ ಕೊಡೋಕೇ ಹಿಂದೆ ಶಾಕಲ್ ತೂಗಾಡೋದು. ಮಾವನ ಗಾಡಿಯಲ್ಲಿ ಬ್ಲೇಡೇ ಉದ್ದ ಇದ್ದಿದ್ರಿಂದ ಶಾಕಲ್ ಮೊದಲೇ ಹಿಂದಕ್ಕೆ ಮಲಗಿತ್ತು. ಗುಂಡಿಗೆ ಇಳಿದಾಗಲೆಲ್ಲ ಅದು ಚಾಸಿಗೆ ಹೊಡೆದು ಅಲ್ಲಿ ಬಣ್ಣ ಎದ್ದು ಕಬ್ಬಿಣ ಹೊಳೀತಾ ಇತ್ತು. ಶಾಕಲ್ ಹಾಗೆ ತಾಗಿ ನಿಂತ ಮೇಲೆ ಸ್ಪ್ರಿಂಗ್ ಸ್ಪ್ರಿಂಗ್ ಆಗಿ ಉಳಿಯಲ್ಲ, ಪೆಟ್ಟು ನೇರ ಚಾಸಿಗೆ. ಉದ್ದದ ಶಾಕಲ್ ಹಿಂಭಾಗವನ್ನ ಇನ್ನೂ ಎತ್ತುತ್ತೆ, ಅಂದ್ರೆ ವಾಲ್ವ್ ಇನ್ನೂ ಮೋಸ ಹೋಗುತ್ತೆ.

"ಗ್ಯಾಸ್ ಇಟ್ಟು ಕಾಯಿಸಿ ಬಗ್ಗಿಸಿ." ಸ್ಪ್ರಿಂಗ್ ಉಕ್ಕಿನ ಶಕ್ತಿ ಇರೋದೇ ಅದರ ಹದದಲ್ಲಿ. ಕಾಯಿಸಿ ಎಣ್ಣೆಯಲ್ಲಿ ತಣಿಸಿ, ಮತ್ತೆ ಲೆಕ್ಕದ ಶಾಖ ಕೊಟ್ಟು ಹದ ಮಾಡಿರ್ತಾರೆ. ರಸ್ತೆ ಬದಿಯಲ್ಲಿ ಗ್ಯಾಸ್ ಕಟರ್ ಇಟ್ರೆ ಆ ಜಾಗದಲ್ಲಿ ಹದ ಹೋಯ್ತು. ಅಲ್ಲಿ ಮೆತ್ತಗಾಗಿ ಬಗ್ಗುತ್ತೆ, ಇಲ್ಲಾ ಮುರಿಯುತ್ತೆ. ಬ್ಲೇಡಿಗೆ ವೆಲ್ಡಿಂಗ್ ಮಾಡೋದೂ ಇದೇ ಜಾತಿ.

"ವಾಲ್ವ್ ಕಂಬಿ ಬಗ್ಗಿಸಿಬಿಡಿ." ನಾಲ್ಕರಲ್ಲಿ ಇದು ಬುದ್ಧಿವಂತ ಸಲಹೆ ಅನ್ನಿಸುತ್ತೆ. ಆದ್ರೆ ಬಿಗಿ ಬೇರೆ ಇರೋದ್ರಿಂದ, ಲೋಡ್‌ನಲ್ಲಿ ಸರಿಯಾಗೋ ಹಾಗೆ ಬಗ್ಗಿಸಿದ್ರೆ ಖಾಲಿ ಇದ್ದಾಗ ಹಿಂದಿನ ಬ್ರೇಕ್ ಜಾಸ್ತಿ ಹಿಡಿಯುತ್ತೆ. ಮಳೆಯಲ್ಲಿ ಮಂಡಿಯಿಂದ ಖಾಲಿ ವಾಪಸ್ ಬರೋವಾಗ ಗಾಡಿ ಗಿರ್ ಅನ್ನುತ್ತೆ.

ನಾಲ್ಕೂ ಸಲಹೆಯಲ್ಲಿ ಒಂದೇ ದೋಷ. ತಪ್ಪು ವಸ್ತುವನ್ನ ಹಾಗೇ ಇಟ್ಕೊಂಡು ಅದರ ಸುತ್ತ ಇರೋ ಸರಿಯಾದ ವಸ್ತುಗಳನ್ನ ಒಂದೊಂದಾಗಿ ಕೆಡಿಸೋದು.

ಮೇಸ್ತ್ರಿ ಮಾಡಿದ್ದು ಬೇರೆ. ಮೊದಲು ಸಮತಟ್ಟು ಜಾಗದಲ್ಲಿ ಗಾಡಿ ಖಾಲಿ ನಿಲ್ಲಿಸಿ, ಟೈರ್ ಗಾಳಿ ಸರಿ ಮಾಡಿ, ಎರಡೂ ಕಡೆ ಆಕ್ಸಲ್‌ನಿಂದ ಚಾಸಿಗೆ ಎತ್ತರ ಅಳೆದ್ರು. ಆಮೇಲೆ ಬ್ಲೇಡ್. ಇದನ್ನ ನೀವೂ ನೆನಪಿಡಿ: ಉದ್ದವನ್ನ ಕಣ್ಣಿನಿಂದ ಕಣ್ಣಿಗೆ ದಾರ ಎಳೆದ ಹಾಗೆ ನೇರವಾಗಿ ಅಳೆಯಬಾರದು, ಮೇನ್ ಬ್ಲೇಡಿನ ಬಾಗು ಹಿಡಿದು ಅಳೆಯಬೇಕು. ಒಟ್ಟು ಉದ್ದ ಸಾಕಾಗಲ್ಲ, ಸೆಂಟರ್ ಬೋಲ್ಟಿಂದ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಬೇರೆ ಬೇರೆ ಬರೀಬೇಕು. ಅಗಲ, ಪ್ರತಿ ಬ್ಲೇಡಿನ ದಪ್ಪ, ಎಷ್ಟು ಬ್ಲೇಡ್, ಬುಷ್ ಸೈಜು, ಬಿಚ್ಚಿಟ್ಟಾಗ ಕಮಾನಿನ ಎತ್ತರ. ದಪ್ಪಕ್ಕೆ ಟೇಪ್ ಅಲ್ಲ, ವರ್ನಿಯರ್. ಒಂದು ಎಂಎಂ ಏನು ಮಾಡುತ್ತೆ ಅಂತ ಮೇಲೆ ನೋಡಿದ್ವಲ್ಲ.

ಈ ಅಳತೆ ಮತ್ತು ಚಾಸಿ ನಂಬರ್ ಎರಡನ್ನೂ ಕೊಟ್ಟು ಸರಿಯಾದ ಸೆಟ್ ತರಿಸೋಕೆ ನಾಲ್ಕು ದಿನ ಹಿಡೀತು. ಹಾಕೋವಾಗ ಮೇಸ್ತ್ರಿ ಹಳೇ ಯು ಬೋಲ್ಟ್ ವಾಪಸ್ ಹಾಕಲಿಲ್ಲ. ಒಂದು ಸಲ ಬಿಗಿದು ಎಳೆದ ಬೋಲ್ಟ್ ಮತ್ತೆ ಅದೇ ಬಿಗಿ ಕೊಡುತ್ತೆ ಅನ್ನೋ ನಂಬಿಕೆ ಇಲ್ಲ. ನಾನು ಆಕ್ಸಲನ್ನ ಹಿಡಿಯೋದು ಸೆಂಟರ್ ಬೋಲ್ಟ್ ಅಂದ್ಕೊಂಡಿದ್ದೆ. ಅದು ಜಾಗ ತೋರಿಸೋಕೆ ಅಷ್ಟೇ, ಹಿಡಿಯೋದು ಯು ಬೋಲ್ಟ್. ಯು ಬೋಲ್ಟ್ ಸಡಿಲ ಆದ್ರೆ ಪಾಪದ ಸೆಂಟರ್ ಬೋಲ್ಟ್ ಕಟ್ ಆಗುತ್ತೆ. ಕಣ್ಣಿನ ಬೋಲ್ಟ್‌ಗಳನ್ನ ಜಾಕ್ ಮೇಲಿದ್ದಾಗ ಪೂರ್ತಿ ಬಿಗಿಯಲಿಲ್ಲ. ಗಾಡಿ ಚಕ್ರದ ಮೇಲೆ ಕೂತ ಮೇಲೆ ಬಿಗಿದ್ರು, ಇಲ್ಲದಿದ್ರೆ ರಬ್ಬರ್ ಬುಷ್ ಯಾವಾಗಲೂ ತಿರುಚ್ಕೊಂಡೇ ಇದ್ದು ಹರಿದುಹೋಗುತ್ತೆ. ವಾಲ್ವ್ ಕಂಬಿಯನ್ನ ಮ್ಯಾನ್ಯುಯಲ್ ಅಳತೆಗೆ ಸೆಟ್ ಮಾಡಿದ್ರು. ನಾಲ್ಕೈದು ಲೋಡ್ ಆದ ಮೇಲೆ ಬಂದು ಯು ಬೋಲ್ಟ್ ಮತ್ತೆ ಬಿಗಿಸ್ಕೊಂಡು ಹೋಗಿ ಅಂದ್ರು.

ಈಗ 80 ಬಾಕ್ಸ್ ಹಾಕಿದ್ರೆ ಹಿಂಭಾಗ 75 ಎಂಎಂ ಕೂರುತ್ತೆ. ನನ್ನ ಲೆಕ್ಕ 80 ಹೇಳಿತ್ತು. ಬ್ಲೇಡ್‌ಗಳ ಮಧ್ಯೆ ಇರೋ ಉಜ್ಜಾಟ ನನ್ನ ಫಾರ್ಮುಲಾದಲ್ಲಿ ಇಲ್ಲ, ಭಾರ ಹಂಚಿದ್ದೂ ಅಂದಾಜು. ಆದ್ರೂ ನಿಜ ಹೇಳ್ತೀನಿ, ಟೇಪ್ ಹಿಡಿದು 75 ಅಂತ ಓದಿದಾಗ ಆದ ಖುಷಿ ಯಾವ ಇಂಟರ್ನಲ್ಸ್ ಮಾರ್ಕ್ಸ್‌ಗೂ ಆಗಿಲ್ಲ.

ಇದಕ್ಕೆ ವಿರುದ್ಧದ ಮಾತುಗಳೂ ಇವೆ, ನ್ಯಾಯವಾದವೇ. ಮಾವ ಕೇಳಿದ್ದು: "ಸೀಸನ್‌ನಲ್ಲಿ ನಾಲ್ಕು ದಿನ ಗಾಡಿ ನಿಲ್ಲಿಸಿದ್ರೆ ಬಾಡಿಗೆ ಗಾಡಿ ದುಡ್ಡು ನಿಮ್ಮ ಕಾಲೇಜ್ ಕೊಡುತ್ತಾ?" ಕೊಡಲ್ಲ. ಟೊಮೆಟೊ ಹಣ್ಣಾಗೋದು ಸ್ಪೇರ್ ಬರೋವರೆಗೂ ಕಾಯಲ್ಲ. ಅಡ್ಜಸ್ಟ್ ಮಾಡ್ಕೊಳ್ಳೋ ಜನ ದಡ್ಡರಲ್ಲ, ಅವರ ಹತ್ತಿರ ಟೈಮೂ ದುಡ್ಡೂ ಇರಲ್ಲ. ಹಳೇ ಗಾಡಿಗೆ ಒರಿಜಿನಲ್ ಸಿಗದೇ ಇರೋದೂ ನಿಜ. ಆದ್ರೆ ಎರಡು ಸಲ ಬ್ರೇಕ್‌ಗೆ ಹಾಕಿದ ದುಡ್ಡೂ ಮಾವಂದೇ. ಕಡಿಮೆ ದುಡ್ಡಿರೋರಿಗೆ ಅಳತೆ ಇನ್ನೂ ಜಾಸ್ತಿ ಬೇಕು, ಯಾಕಂದ್ರೆ ಅವರು ಎರಡನೇ ಸಲ ಖರ್ಚು ಮಾಡೋಕೆ ಆಗಲ್ಲ. ಒರಿಜಿನಲ್ಲೇ ಬೇಕು ಅಂತಲೂ ನಾನು ಹೇಳ್ತಿಲ್ಲ. ಅಳತೆ ಕೂಡಿದ್ರೆ ಸೆಕೆಂಡ್ ಹ್ಯಾಂಡ್ ಸೆಟ್ಟೂ ನಡೆಯುತ್ತೆ. ಹಳೇ ಬ್ಲೇಡ್ ಗುಜರಿಗೆ ಕೊಡೋ ಮುಂಚೆ ಐದು ನಿಮಿಷ ಟೇಪ್ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಕೊಂಡ್ರೆ 'ಇದು ಆಗುತ್ತೆ' ಅನ್ನೋ ಮಾತಿಗೆ ಅಂಗಡಿಯಲ್ಲೇ ಉತ್ತರ ಕೊಡಬಹುದು.

ಎರಡನೇ ಮಾತು ನಮ್ಮ ಕ್ಲಾಸಿಂದಲೇ ಬಂತು. "ಇದು ಮೆಕ್ಯಾನಿಕ್ ಕೆಲಸ ಮಗಾ, ಇಂಜಿನಿಯರ್ ಕೆಲಸ ಅಲ್ಲ." ಇದನ್ನ ನಾನು ಒಪ್ಪಲ್ಲ. ನಮ್ಮಲ್ಲಿ ಕಾಂಪೊಸಿಟ್ ಲೀಫ್ ಸ್ಪ್ರಿಂಗ್ ಅನಾಲಿಸಿಸ್ ಪ್ರಾಜೆಕ್ಟ್ ಎಷ್ಟು ಬ್ಯಾಚ್‌ನಿಂದ ಕೈ ಬದಲಾಯಿಸ್ತಾ ಬಂದಿದೆ ಅಂತ ಸೀನಿಯರ್ಸ್‌ನ ಕೇಳಿ ನೋಡಿ. ಸ್ಕ್ರೀನ್ ಮೇಲೆ ಕೆಂಪು ನೀಲಿ ಬಣ್ಣದ ಸ್ಟ್ರೆಸ್ ಚಿತ್ರ, ಗ್ಲಾಸ್ ಫೈಬರ್ ಹಾಕಿದ್ರೆ ತೂಕ ಇಷ್ಟು ಉಳಿಯುತ್ತೆ ಅಂತ ಕನ್‌ಕ್ಲೂಷನ್, ಸ್ಪೈರಲ್ ಬೈಂಡಿಂಗ್. ಅದನ್ನ ಮಾಡಿದವರಲ್ಲಿ ಎಷ್ಟು ಜನ ಗಾಡಿ ಕೆಳಗೆ ಮಲಗಿ ಒಂದು ಶಾಕಲ್ ನೋಡಿದ್ದಾರೆ? ಸಾಫ್ಟ್‌ವೇರ್ ತಪ್ಪು ಅಂತಲ್ಲ. ಅದಕ್ಕೆ ಕೊಡೋ ಉದ್ದ, ದಪ್ಪ, ಲೋಡ್ ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳಿದ್ರೆ "ಜರ್ನಲ್ ಪೇಪರ್‌ನಿಂದ ಸಾರ್" ಅನ್ನೋದಿದೆಯಲ್ಲ, ಅದು ತಪ್ಪು. ಆ ಸಂಖ್ಯೆ ನಮ್ಮ ಊರಿನ ರಸ್ತೆ ಮೇಲೇ ಓಡಾಡ್ತಾ ಇದೆ.

ಮೆಕ್ಯಾನಿಕ್‌ಗಳೇ ಸರಿ, ನಾವೇ ತಪ್ಪು ಅಂತ ಕೈ ಮುಗಿಯೋಕೂ ನಾನು ಬಂದಿಲ್ಲ. ಆ ಬ್ಲೇಡ್ ಹಾಕಿದವರೂ, ಎರಡು ಸಲ ಬ್ರೇಕ್ ಬಿಚ್ಚಿದವರೂ ಅನುಭವಿ ಮೆಕ್ಯಾನಿಕ್‌ಗಳೇ. ಒಬ್ಬರು ನೋಡಿದ್ರು, ಉಳಿದವರು ನೋಡಲಿಲ್ಲ. ನೋಡೋದು ಕಲಿಯೋ ವಿಷಯ, ಅದಕ್ಕೆ ಸಿಲಬಸ್‌ನಲ್ಲಿ ಜಾಗ ಇರಬೇಕು ಅನ್ನೋದೇ ನನ್ನ ವಾದ.

ಹಾಗಾಗಿ ಒಂದು ಪ್ರಪೋಸಲ್. ಮುಂದಿನ ಮಿನಿ ಪ್ರಾಜೆಕ್ಟ್‌ಗೆ ನಾಲ್ಕು ಜನ ಸೇರಿ ಹಳೇ ಪಿಕಪ್‌ಗಳ ಹಿಂದಿನ ಬ್ಲೇಡ್ ಅಳೆಯೋಣ. ಮಾಡೆಲ್, ವರ್ಷ, ಮುಂದಿನ ಅರ್ಧ, ಹಿಂದಿನ ಅರ್ಧ, ದಪ್ಪ, ಸಂಖ್ಯೆ, ಖಾಲಿ ಎತ್ತರ, ಲೋಡ್ ಎತ್ತರ. ಒಂದು ಶೀಟ್‌ನಲ್ಲಿ ಕನ್ನಡದಲ್ಲಿ ಹಾಕಿ ಮೇಸ್ತ್ರಿ ಶೆಡ್ಡಿನ ಗೋಡೆಗೂ ಮಂಡಿ ಗೇಟಿಗೂ ಅಂಟಿಸೋಣ. ಮಂಡಿಯಲ್ಲಿ ಬೆಳಗ್ಗೆ ಲೋಡ್ ಗಾಡಿ ಸಿಗುತ್ತೆ, ಇಳಿಸಿದ ಮೇಲೆ ಅದೇ ಗಾಡಿ ಖಾಲಿ ಸಿಗುತ್ತೆ. ಇದಕ್ಕಿಂತ ಒಳ್ಳೆ ಲ್ಯಾಬ್ ಎಲ್ಲಿದೆ? ಗೈಡ್ ಹತ್ತಿರ ನಾನು ಮಾತಾಡಿದ್ದೀನಿ, "ರಿಸಲ್ಟ್ ಬಂದ್ರೆ ನೋಡೋಣ" ಅಂದಿದ್ದಾರೆ.

ಟೇಪ್ ನನ್ನ ಹತ್ತಿರ ಇದೆ, ವರ್ನಿಯರ್ ಲ್ಯಾಬ್‌ನಲ್ಲಿ ಕೇಳಬೇಕು. ಮೂರು ಜನ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಏಳೋರು ಮಾತ್ರ ಮೆಸೇಜ್ ಮಾಡಿ. ಮಾವ ಟೀ ಕೊಡಿಸ್ತೀನಿ ಅಂದಿದ್ದಾರೆ.